ಜಿಂಕೆ ಕಡತಕ್ಕೆ ನಾನು ಕೊಟ್ಟ ಹತ್ತು ದಿನ

ಹೋದ ತಿಂಗಳು ನಮ್ಮ ಪರಿಚಯದವರ ಮಗಳೊಬ್ಬಳು ಫೋನ್ ಮಾಡಿದಳು. ಸಿಯಾಟಲ್ ಹತ್ತಿರದ ಕೆಂಟ್ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ದಾಖಲೆ ಕೊಡುವ ಕೆಲಸ ಸಿಕ್ಕಿದೆಯಂತೆ. "ಆಂಟಿ, ಯು ಡಿಡ್ ದಿಸ್ ಫಾರೆವರ್. ಎನಿ ಟಿಪ್ಸ್?" ಎಂದು ಕೇಳಿದಳು. ಟಿಪ್ಸ್ ಅಂತೆ! ಇಪ್ಪತ್ತಮೂರು ವರ್ಷ ಗಾಜಿನ ಕಿಟಕಿಯ ಹಿಂದೆ ಕೂತು ಕಲಿತದ್ದನ್ನು ಸಾರಿನ ಪುಡಿಯ ಹಾಗೆ ಪೊಟ್ಟಣ ಕಟ್ಟಿ ಕೊಡಬೇಕಂತೆ. ಬರೆದು ಕಳಿಸುತ್ತೇನೆ ಎಂದೆ. ಬರೆಯುವುದು ಕನ್ನಡದಲ್ಲೇ. ಅವಳಿಗೆ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅಮ್ಮನ ಕೈಲಿ ಓದಿಸಿಕೊಳ್ಳಲಿ. ಈ ನೆಪದಲ್ಲಾದರೂ ತಾಯಿ ಮಗಳು ಅರ್ಧ ಗಂಟೆ ಒಂದೇ ಸೋಫಾದ ಮೇಲೆ ಕೂತಾರು.

ನಾನು ಮೈಸೂರಿನ ಮಂಡಿ ಮೊಹಲ್ಲಾದವಳು, ಹೆಸರು ರಜಿಯಾ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಯಜಮಾನರು ರೆಂಟನ್‌ನ ವಿಮಾನ ಕಾರ್ಖಾನೆಯಲ್ಲಿದ್ದರು. ನಾನು ಸಿಯಾಟಲ್‌ಗೆ ಉತ್ತರದಲ್ಲಿ, ಮಿಲ್ ಕ್ರೀಕ್ ದಾಟಿದ ಮೇಲೆ ಸಿಗುವ ಒಂದು ಪುಟ್ಟ ಊರಿನ ಸಿಟಿ ಹಾಲ್‌ನಲ್ಲಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನ ಮೇಲೆ ಕೇಸು ಹಾಕುವಷ್ಟು ಪುರುಸೊತ್ತು ಅಲ್ಲಿಯವರಿಗೆ ಇದೆ. ನಮ್ಮ ಜನರ ಪಾರ್ಟಿಗಳಲ್ಲಿ ಎಲ್ಲರೂ ಸಾಫ್ಟ್‌ವೇರ್‌ನವರು. ನಾನು ಸಿಟಿ ಹಾಲ್ ಎಂದರೆ, "ಓ, ಹಾಗಾದ್ರೆ ಮನೆ ಹಿಂದೆ ಡೆಕ್ ಕಟ್ಟೋಕೆ ಪರ್ಮಿಟ್ ಬೇಗ ಕೊಡಿಸ್ತೀರಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಸಮೋಸಾ ತಟ್ಟೆ ಹಿಡಿದು ಪಕ್ಕದವರ ಕಡೆ ತಿರುಗಿಬಿಡುತ್ತಿದ್ದರು.

ಕೆಲಸ ಇಷ್ಟೇ. ಈ ರಾಜ್ಯದಲ್ಲಿ ಯಾರು ಬೇಕಾದರೂ ಸರ್ಕಾರದ ಯಾವ ಕಾಗದವನ್ನಾದರೂ ಕೇಳಬಹುದು. ಯಾಕೆ ಬೇಕು ಎಂದು ನಾವು ಕೇಳುವ ಹಾಗಿಲ್ಲ. ಐದು ಕೆಲಸದ ದಿನಗಳೊಳಗೆ ಏನಾದರೊಂದು ಉತ್ತರ ಕೊಡಬೇಕು. ಆ ಉತ್ತರ ಕೊಡುವವಳು ನಾನು. ಕಾನೂನು ಓದಿದರೆ ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿದೆ. ತಮಗೆ ಏನು ಗೊತ್ತಿರಬೇಕು, ಏನು ಗೊತ್ತಿರಬಾರದು ಎಂದು ತೀರ್ಮಾನಿಸುವ ಹಕ್ಕನ್ನು ಜನರು ಸರ್ಕಾರದಲ್ಲಿರುವ ತಮ್ಮ ಆಳುಗಳಿಗೆ ಬಿಟ್ಟುಕೊಟ್ಟಿಲ್ಲ ಎಂಬರ್ಥದ ಮಾತು ಅದರಲ್ಲಿದೆ. ಕೆಲಸಕ್ಕೆ ಸೇರಿದ ದಿನ ಅದನ್ನು ಓದಿ ನಾನು ನಿಜವಾಗಿಯೂ ಹೆಮ್ಮೆಪಟ್ಟಿದ್ದೆ.

ಹೆಮ್ಮೆ ಇಳಿಸಿದವಳು ನನ್ನ ಮೊದಲ ಮೇಲಧಿಕಾರಿ ಬೆವರ್ಲಿ. ಪಾರ್ಕಿನ ದೀಪದ ಗುತ್ತಿಗೆಯ ಬಗ್ಗೆ ಬಂದ "ಪತ್ರಗಳನ್ನು" ಕೊಡಿ ಎಂದು ಒಬ್ಬ ಮುದುಕರು ಅರ್ಜಿ ಹಾಕಿದ್ದರು. ಗುತ್ತಿಗೆದಾರ ಕಳಿಸಿದ್ದು ಪತ್ರವಲ್ಲ, ಫ್ಯಾಕ್ಸು. ಒಂದು ಡಬ್ಬಿ ತುಂಬ ಇದ್ದವು. ಬೆವರ್ಲಿ, "ನೀವು ಕೇಳಿದ ಪತ್ರಗಳು ನಮ್ಮಲ್ಲಿಲ್ಲ" ಎಂದು ಉತ್ತರ ಟೈಪು ಮಾಡಿ, ಆ ಡಬ್ಬಿಯ ಮೇಲೇ ಇಟ್ಟುಕೊಂಡು ಸ್ಯಾಂಡ್‌ವಿಚ್ ತಿಂದಳು. "ಕೇಳಿದ್ದಕ್ಕೆ ಉತ್ತರ ಕೊಡು, ಕೇಳದ್ದಕ್ಕೆ ಕಿವುಡಿಯಾಗು" ಎಂಬುದು ಅವಳು ನನಗೆ ಕೊಟ್ಟ ಉಪದೇಶ. ಆಗ ನನಗೆ ಅವಳು ಮಹಾ ಬುದ್ಧಿವಂತೆ ಎನ್ನಿಸಿತ್ತು. ಆ ಮುದುಕರು ಎರಡನೇ ಸಲ ಬರಲೇ ಇಲ್ಲ.

ನನ್ನದೂ ಒಂದು ದೊಡ್ಡ ಎಡವಟ್ಟಿದೆ. ಹೇಳದಿದ್ದರೆ ನ್ಯಾಯವಲ್ಲ. ಚರಂಡಿ ವಿಚಾರಕ್ಕೆ ವಾರಕ್ಕೊಂದು ಅರ್ಜಿ ಹಾಕುವ ಒಬ್ಬರಿದ್ದರು. ಅವರ ಕಡತವನ್ನು ಜೆರಾಕ್ಸ್ ಮಾಡುವಾಗ, ಮೇಲಿನವರ್ಯಾರೋ ಅಂಟಿಸಿದ್ದ ಹಳದಿ ಚೀಟಿಯನ್ನು ಕೀಳುವುದು ಮರೆತೆ. "ಈ ಪೀಡೆ ಮತ್ತೆ ಬಂತು" ಎಂದು ಅದರಲ್ಲಿ ಬರೆದಿತ್ತು. ಆ ಮನುಷ್ಯ ಅದನ್ನು ಚೌಕಟ್ಟು ಹಾಕಿಸಿ ಕೌನ್ಸಿಲ್ ಸಭೆಗೆ ತಂದು ಎಲ್ಲರಿಗೂ ತೋರಿಸಿದ. ಬೈಗುಳ ತಿಂದವಳು ನಾನು. ಚೀಟಿ ಬರೆದವನಿಗಲ್ಲ, ಕೀಳದವಳಿಗೆ ಬೈಗುಳ ಎಂಬುದನ್ನು ಗಮನಿಸಿ. ಪೀಡೆ ಎಂದದ್ದು ತಪ್ಪು ಎಂದು ಆ ಕಟ್ಟಡದಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ.

ಆಮೇಲೆ ಕಾಗದ ಹೋಗಿ ಇಮೇಲ್ ಬಂತು, ಇಮೇಲ್ ಹೋಗಿ ಫೋನಿನ ಮೆಸೇಜು ಬಂತು. ಎಲ್ಲ ಸುಲಭವಾಗುತ್ತದೆ ಎಂದು ನಮಗೆ ಎರಡು ದಿನ ತರಬೇತಿ ಕೊಟ್ಟರು. ಆದದ್ದೇನೆಂದರೆ, ಕೌನ್ಸಿಲ್ ಸದಸ್ಯರು ಊರಿನ ವ್ಯವಹಾರವನ್ನೆಲ್ಲ ಸ್ವಂತ ಫೋನಿನಲ್ಲಿ ಮಾತಾಡಿಕೊಳ್ಳತೊಡಗಿದರು. ಯಾರಾದರೂ ಆ ಮೆಸೇಜುಗಳನ್ನು ಕೇಳಿದರೆ ಫೋನು ಕಳೆದುಹೋಗಿರುತ್ತಿತ್ತು. ಒಂದೇ ಬೇಸಿಗೆಯಲ್ಲಿ ಇಬ್ಬರು ಸದಸ್ಯರ ಫೋನು ದೋಣಿಯಿಂದ ಕೆರೆಗೆ ಬಿತ್ತು. ನಮ್ಮ ಊರಿನ ಆಡಳಿತದ ವಿಷಯ ನನಗಿಂತ ಆ ಕೆರೆಯ ಮೀನುಗಳಿಗೆ ಚೆನ್ನಾಗಿ ಗೊತ್ತಿರಬೇಕು.

ಇವೆಲ್ಲ ಸಣ್ಣ ಪುಟ್ಟವು. ನಾನು ಬರೆಯಲು ಕೂತದ್ದು ಜಿಂಕೆ ಕಡತದ ಸಲುವಾಗಿ.

ನಮ್ಮ ಊರು ಇರುವುದೇ ಕಾಡು ಕಡಿದ ಜಾಗದಲ್ಲಿ. ಬಡಾವಣೆಗಳಿಗೆ ಹೆಸರಿಡುವಾಗ ಜಿಂಕೆ ಬೇಕು: ಜಿಂಕೆ ಓಟ, ಜಿಂಕೆ ಹುಲ್ಲುಗಾವಲು, ಹೀಗೆ ಏನೇನೋ ಇಂಗ್ಲಿಷ್ ಹೆಸರು. ನಿಜವಾದ ಜಿಂಕೆ ಬಂದು ಟ್ಯೂಲಿಪ್ ಗಿಡ ತಿಂದರೆ ಮಾತ್ರ ಸಿಟಿ ಹಾಲ್‌ಗೆ ಫೋನು. ಒಬ್ಬಾಕೆ ತನ್ನ ಗುಲಾಬಿ ಗಿಡಗಳು ಬೋಳಾದ ಫೋಟೋ ಕಳಿಸಿ, "ಇದು ನನ್ನ ಮಾನಸಿಕ ಆರೋಗ್ಯದ ಪ್ರಶ್ನೆ" ಎಂದು ಬರೆದಿದ್ದಳು. ಕೌನ್ಸಿಲ್ ಸದಸ್ಯರೊಬ್ಬರ ಗುಲಾಬಿಯನ್ನೂ ಜಿಂಕೆ ತಿಂದ ಮೇಲೆ ವಿಷಯ ಗಂಭೀರವಾಯಿತು.

ಆಗ ನಮ್ಮ ಸಿಟಿ ಮ್ಯಾನೇಜರ್ ಡೇಲ್. ಕೌನ್ಸಿಲ್ ನೇಮಿಸಿದ ಮನುಷ್ಯ, ಊರಿನ ದಿನದಿನದ ಆಡಳಿತವೆಲ್ಲ ಅವನದೇ. ಯಾವಾಗಲೂ ನಗುವ, ಯಾವತ್ತೂ ಯಾವ ಕಾಗದದ ಮೇಲೂ ತನ್ನ ಕೈಬರಹ ಬಿಡದ ಜಾತಿ. ಅವನು ಹೊರಗಿನ ಒಂದು ಸಲಹಾ ಕಂಪನಿಯಿಂದ ವರದಿ ತರಿಸಿದ. ವರದಿಯ ಹೆಸರು 'ಜಿಂಕೆ ಸಮತೋಲನ ಯೋಜನೆ'. ಕೊಲ್ಲುವುದು ಎಂಬ ಮಾತು ಅದರಲ್ಲಿ ಒಂದು ಕಡೆಯೂ ಇರಲಿಲ್ಲ. ಜಿಂಕೆಗಳನ್ನು "ತೆಗೆಯಲಾಗುವುದು" ಎಂದಿತ್ತು, ಮಳೆಗಾಲಕ್ಕೆ ಮುಂಚೆ ಸೂರಿನ ದೋಣಿಯಲ್ಲಿ ಸಿಕ್ಕಿಕೊಂಡ ತರಗೆಲೆ ತೆಗೆಯುವ ಹಾಗೆ. ಊರಿನಲ್ಲಿ ಜಿಂಕೆಗಳು ತಾಳಲಾರದಷ್ಟು ಹೆಚ್ಚಿವೆ, ದೊಡ್ಡ ಪಾರ್ಕಿನಲ್ಲಿ ನುರಿತ ಗುರಿಕಾರರಿಂದ ಅರ್ಧಕ್ಕಿಳಿಸಬೇಕು ಎಂಬುದು ಸಾರಾಂಶ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ನಮ್ಮ ಕೌನ್ಸಿಲ್ ಅದನ್ನು ಚರ್ಚೆಯೇ ಇಲ್ಲದೆ ಒಪ್ಪಿಕೊಂಡಿತು.

ಒಪ್ಪದವಳು ವಸುಧಾ. ಮೈಸೂರಿನ ಹುಡುಗಿ, ಇಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಬೆಳಿಗ್ಗೆ ಆರೂವರೆಗೆ ಆಫೀಸ್ ಬಸ್ ಹಿಡಿದು ಹೋದರೆ ಬರುವುದು ಸಂಜೆ. ಪಾರ್ಕಿನ ಪಕ್ಕದ ಬೀದಿಯವರನ್ನು ಕೂಡಿಸಿ ಒಂದು ಗುಂಪು ಕಟ್ಟಿದ್ದಳು. ಸಭೆಯಲ್ಲಿ ಎದ್ದು ನಿಂತು ಅವಳು ಕೇಳಿದ್ದು ಒಂದೇ ಪ್ರಶ್ನೆ: ಈ ಜಿಂಕೆಗಳನ್ನು ಯಾರು, ಎಲ್ಲಿ, ಯಾವ ದಿನ ಎಣಿಸಿದರು? ಡೇಲ್ ನಗುತ್ತ, ವರದಿ ವೆಬ್‌ಸೈಟಿನಲ್ಲಿದೆ ಎಂದ. ವೆಬ್‌ಸೈಟಿನಲ್ಲಿ ಒಂದು ಜಿಂಕೆಮರಿಯ ಬಣ್ಣದ ಚಿತ್ರವಿತ್ತು, ಎಣಿಕೆಯ ವಿವರ ಇರಲಿಲ್ಲ. ಮಾರನೆಯ ದಿನವೇ ಅವಳ ಅರ್ಜಿ ನನ್ನ ಮೇಜಿಗೆ ಬಂತು. ಗುಂಪಿನ ವಕೀಲರು ಒಂದು ಮಾತು ಹೇಳಿದ್ದರಂತೆ. ಎಣಿಕೆ ಸುಳ್ಳು ಎಂದು ತೋರಿಸುವ ಕಾಗದ ಸಿಕ್ಕರೆ ಕೋರ್ಟಿನಿಂದ ತಡೆ ತರಬಹುದು, ಬರೀ ಮರುಕ ಹಿಡಿದು ಹೋದರೆ ಆಗುವುದಿಲ್ಲ ಎಂದು. ಆ ಜಿಂಕೆಗಳ ಜೀವ ನಿಂತದ್ದು ಆ ಕಾಗದದ ಮೇಲೆ.

"ರಜಿಯಾ ಆಂಟಿ, ನಿಮ್ಮನ್ನ ಪಿಕ್ನಿಕ್‌ನಲ್ಲಿ ನೋಡಿದೀನಿ" ಎಂದು ಕಿಟಕಿಯ ಹತ್ತಿರ ಬಂದು ಹೇಳಿದಳು. "ಫೇವರ್ ಏನೂ ಬೇಡ. ಇರೋ ಪೇಪರ್ ಕೊಡಿ ಸಾಕು."

"ಫೇವರ್ ಮಾಡೋ ಕೆಲಸ ಅಲ್ಲಮ್ಮ ಇದು. ಇದ್ರೆ ಕೊಡ್ತೀನಿ" ಎಂದೆ.

ಸಲಹಾ ಕಂಪನಿಯವರಿಂದ ಎಣಿಕೆಯ ಹಾಳೆಗಳನ್ನು ತರಿಸಲು ನಾನು ಮೂರು ವಾರ ಬೆನ್ನು ಹತ್ತಬೇಕಾಯಿತು. ಕೊನೆಗೆ ಬಂದವು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ, ಅಷ್ಟು ದಪ್ಪ ವರದಿಯ ತಳದಲ್ಲಿ ಇದ್ದದ್ದು ಆರೇ ಆರು ಹಾಳೆ. ಆರೂ ಒಂದೇ ಬೀದಿಯವು, ಆರೂ ಬೆಳಿಗ್ಗೆ ಏಳರಿಂದ ಎಂಟರವರೆಗಿನವು. ಎಣಿಸಲು ಬಂದವನು ಮೊದಲ ಹಾಳೆಯ ಅಂಚಿನಲ್ಲಿ ಪ್ರಾಮಾಣಿಕವಾಗಿ ಬರೆದಿಟ್ಟಿದ್ದ: ಬೇರೆ ಬೀದಿಗಳಲ್ಲಿ ಜಿಂಕೆ ಕಾಣಲಿಲ್ಲ, ಆದ್ದರಿಂದ ಕಂಡ ಬೀದಿಯಲ್ಲೇ ಎಣಿಕೆ ಮುಂದುವರಿಸಲಾಯಿತು. ಆ ಒಂದು ಬೀದಿಯ ಲೆಕ್ಕವನ್ನು ಆಫೀಸಿನಲ್ಲಿ ಕೂತವರು ಇಡೀ ಊರಿಗೆ ಗುಣಿಸಿದ್ದರು. ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ನಕ್ಕೂ ಬಿಟ್ಟೆ. ಇಂಥ ಬೃಹಸ್ಪತಿಗಳಿಗೆ ಬಂದೂಕು ಬೇರೆ ಕೊಡುತ್ತಾರೆ.

ನಾಲ್ಕನೆಯ ಹಾಳೆಗೆ ಬಂದಾಗ ನಗು ನಿಂತಿತು. ಅಲ್ಲಿ ಹೀಗಿತ್ತು: ಇಂಥ ನಂಬರಿನ ಮನೆಯ ಹಿತ್ತಲಿನಲ್ಲಿ ವಯಸ್ಸಾದ ಹೆಂಗಸು, ಸೀರೆ, ನೀಲಿ ಸ್ವೆಟರು, ಕೈಯಲ್ಲಿ ಸ್ಟೀಲ್ ಪಾತ್ರೆ, ಜಿಂಕೆಗಳಿಗೆ ಆಹಾರ ಹಾಕುತ್ತಿದ್ದಾರೆ, ಪ್ರತಿದಿನ ಇದೇ ಹೊತ್ತಿಗೆ.

ಮನೆ ನಂಬರು ನೋಡಬೇಕಾಗಿರಲಿಲ್ಲ. ಆ ನೀಲಿ ಸ್ವೆಟರು ನನಗೆ ಗೊತ್ತು. ಅದು ಸಾವಿತ್ರಮ್ಮನವರದು, ವಸುಧಾಳ ಅತ್ತೆ. ಮೈಸೂರಿನ ಅಗ್ರಹಾರದವರು. ಕನ್ನಡದವರ ಪಿಕ್ನಿಕ್‌ನಲ್ಲಿ ನನ್ನ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, "ಮಂಡಿ ಮೊಹಲ್ಲಾನಾ? ಹಾಗಾದ್ರೆ ನಮ್ಮೂರ ಹುಡುಗಿ ನೀನು" ಎಂದು ಕೋಸಂಬರಿ ಬಡಿಸಿದ್ದವರು. ಆವತ್ತೇ ಒಂದು ಮಾತು ಹೇಳಿದ್ದರು. ತಮ್ಮ ಮನೆಯಲ್ಲಿ ಗೋಗ್ರಾಸ ಇಡದೆ, ಎಂದರೆ ಹಸುವಿಗೆ ಒಂದು ತುತ್ತು ಕೊಡದೆ, ಯಾರೂ ಊಟ ಮಾಡುತ್ತಿರಲಿಲ್ಲವಂತೆ. "ಇಲ್ಲಿ ಹಸು ಎಲ್ಲಿಂದ ತರೋದು? ಜಿಂಕೆಗೂ ಕೊಂಬಿದೆ, ಗೊರಸಿದೆ, ಹುಲ್ಲು ತಿನ್ನತ್ತೆ. ಭಗವಂತ ಅಡ್ಜಸ್ಟ್ ಮಾಡ್ಕೋತಾನೆ" ಎಂದು ಕಣ್ಣು ಮಿಟುಕಿಸಿದ್ದರು. ನಾನಾಗ ಅದನ್ನು ತಮಾಷೆ ಎಂದುಕೊಂಡಿದ್ದೆ. ಸೊಸೆಯ ಬಸ್ಸು ಹೊರಟ ಮೇಲೆ ಹಿತ್ತಲ ಬಾಗಿಲು ತೆಗೆದು ತರಕಾರಿ ಸಿಪ್ಪೆ, ಚಪಾತಿ, ಮಗ ತಂದ ಮೂಟೆ ಕ್ಯಾರೆಟ್ಟು ಎಲ್ಲ ಹಾಕುತ್ತಿದ್ದರು. ಮೂವರಿರುವ ಮನೆಯಲ್ಲಿ ವಾರಕ್ಕೊಂದು ಮೂಟೆ ಕ್ಯಾರೆಟ್ಟು ಯಾರು ತಿನ್ನುತ್ತಾರೆ ಎಂದು ಕೋಡ್ ಬರೆಯುವ ಎರಡು ತಲೆಗಳಿಗೂ ಹೊಳೆದಿರಲಿಲ್ಲ. ಪಾರ್ಕಿನ ಜಿಂಕೆಗಳೆಲ್ಲ ಏಳು ಗಂಟೆಗೆ ಅಲ್ಲಿ ಹಾಜರು. ಎಣಿಸುವವನು ಎಣಿಸಿದ್ದು ಆ ಸಂತರ್ಪಣೆಯನ್ನು.

ಹಾಳೆಗಳನ್ನು ಹಿಡಿದು ಡೇಲ್‌ನ ಕೋಣೆಗೆ ಹೋದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬಾಯಿ ಬಿಡುವ ಮೊದಲೇ ಅವನು, "ಅವು ಬರೀ ಕರಡು ಹಾಳೆಗಳು, ಕೊಡಬೇಕಾಗಿಲ್ಲ" ಎಂದ. ಅವನ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದೇನೆ.

"ಅಭಿಪ್ರಾಯ ಬರೆದದ್ದು ಕರಡು. ಇದು ಎಣಿಕೆ. ಕೊಡಲೇಬೇಕು" ಎಂದೆ.

"ಕೌನ್ಸಿಲ್‌ಗೆ ಮುಜುಗರವಾಗುತ್ತದೆ."

"ಮುಜುಗರಕ್ಕೆ ಕಾನೂನಿನಲ್ಲಿ ವಿನಾಯಿತಿ ಇಲ್ಲ."

ಇಷ್ಟು ಹೇಳಿ ಎದ್ದು ಬಂದಿದ್ದರೆ ಈ ಬರಹ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಆದರೆ ನನಗೆ ಇನ್ನೊಂದು ಯೋಚನೆಯಿತ್ತು. ನಮ್ಮ ಊರಿನಲ್ಲಿ ಜಿಂಕೆಗೆ ಆಹಾರ ಹಾಕುವುದು ತಪ್ಪು, ದಂಡವಿದೆ. ಸಾವಿತ್ರಮ್ಮನವರಿಗೆ ಗ್ರೀನ್ ಕಾರ್ಡ್ ಬಂದು ಇನ್ನೂ ವರ್ಷವಾಗಿರಲಿಲ್ಲ. ಅವರ ಹೆಸರಿನ ಮೇಲೆ ಒಂದು ನೋಟಿಸು ಬಿದ್ದರೆ ಏನಾದೀತೋ ಎಂಬ ಭಯ. ಏನೂ ಆಗುವುದಿಲ್ಲ ಎಂದು ಈಗ ಗೊತ್ತು. ಆದರೆ ಈ ದೇಶಕ್ಕೆ ಬಂದ ನಮ್ಮಂಥವರಿಗೆ ಪೊಲೀಸು ಕಾರ್ ನಿಲ್ಲಿಸಿ ಗುಡ್ ಮಾರ್ನಿಂಗ್ ಎಂದರೂ ವೀಸಾ ನೆನಪಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೋರಾಟ ಮಾಡುತ್ತಿರುವ ಸೊಸೆಯ ಕೈಗೇ ಅತ್ತೆಯ ಗುಟ್ಟು ಕೊಟ್ಟಂತಾಗುತ್ತದೆ. ಹಿರಿಯ ಜೀವವನ್ನು ಅವರ ಮನೆಯಲ್ಲೇ ತಲೆ ತಗ್ಗಿಸುವ ಹಾಗೆ ಮಾಡಬಾರದು ಎನ್ನಿಸಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿದೆ.

ಅದಕ್ಕೆ ಕಾನೂನಿನಲ್ಲೇ ಒಂದು ದಾರಿಯಿತ್ತು. ದಾಖಲೆಯಲ್ಲಿ ಯಾರಾದರೂ ಖಾಸಗಿ ವ್ಯಕ್ತಿಯ ಪ್ರಸ್ತಾಪವಿದ್ದರೆ, ಕೊಡುವ ಮೊದಲು ಅವರಿಗೆ ನೋಟಿಸು ಕಳಿಸಬಹುದು. ಆಕ್ಷೇಪವಿದ್ದರೆ ಅವರು ಕೋರ್ಟಿಗೆ ಹೋಗಬಹುದು. ನಮ್ಮ ಕಚೇರಿಯ ಪದ್ಧತಿಯಲ್ಲಿ ಅದಕ್ಕೆ ಹತ್ತು ದಿನ. ಕಳಿಸಲೇಬೇಕೆಂದಿಲ್ಲ, ಬಿಟ್ಟದ್ದು ನಮಗೆ. "ಆ ಮನೆಯವರಿಗೆ ನೋಟಿಸು ಕೊಟ್ಟು ಹತ್ತು ದಿನ ಬಿಟ್ಟು ಕೊಡುತ್ತೇನೆ" ಎಂದೆ.

ಡೇಲ್ ಎದ್ದು ನಿಂತ. "ರಜಿಯಾ, ನಿಮ್ಮ ಮಾನವೀಯತೆ ನಮ್ಮ ಸಂಸ್ಥೆಯ ಆಸ್ತಿ" ಎಂದ. ಅಷ್ಟು ವರ್ಷದಲ್ಲಿ ಅವನ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ. ನಾನು ಅದನ್ನು ನಂಬಿ, ಮೂರ್ಖಳ ಹಾಗೆ ಥ್ಯಾಂಕ್ಸ್ ಹೇಳಿ ಬಂದೆ. ಹೊಸದಾಗಿ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಡಿ: ಮೇಲಧಿಕಾರಿ ಹೊಗಳಿದ ದಿನ ನೀವು ಯಾವುದಕ್ಕೆ ಸಹಿ ಹಾಕಿದಿರಿ ಎಂದು ಇನ್ನೊಂದು ಸಲ ನೋಡಿಕೊಳ್ಳಿ.

ನೋಟಿಸನ್ನು ನಾನೇ ಬರೆದೆ. ಅದರ ಭಾಷೆ ಎಂಥದೆಂದರೆ ಬರೆದವಳಿಗೇ ಎರಡನೇ ಸಲ ಓದಲು ಮನಸ್ಸಾಗುವುದಿಲ್ಲ. 'ಮನೆಯ ನಿವಾಸಿಗೆ' ಎಂದು ವಿಳಾಸ ಹಾಕಿ ಅಂಚೆಗೆ ಕೊಟ್ಟೆ. ಹಗಲು ಹೊತ್ತು ಟಪಾಲು ತೆಗೆಯುವವರು ಸಾವಿತ್ರಮ್ಮ. ಅವರಿಗೆ ಇಂಗ್ಲಿಷ್ ಓದಲು ಬಾರದು. ಪಿಜ್ಜಾ ಕೂಪನ್ನು, ಹಲ್ಲಿನ ಡಾಕ್ಟರ ಜಾಹೀರಾತುಗಳ ಜೊತೆ ಅದನ್ನೂ ಡ್ರಾಯರಿಗೆ ಹಾಕಿದರು. ವಸುಧಾ ನಡುವೆ ಎರಡು ಸಲ ಫೋನ್ ಮಾಡಿದಳು.

"ಆಂಟಿ, ಡಾಕ್ಯುಮೆಂಟ್ಸ್ ಬಂದಿದಾವಾ?"

"ಬಂದಿದಾವಮ್ಮ. ಒಂದು ಪ್ರೊಸೀಜರ್ ಇದೆ, ಹತ್ತು ದಿನ."

"ಅಷ್ಟರಲ್ಲಿ ಅವ್ರು ಏನಾದ್ರೂ ಮಾಡಿಬಿಟ್ರೆ?"

"ರೆಕಾರ್ಡ್ ಅರ್ಜಿ ಪೆಂಡಿಂಗ್ ಇರೋವಾಗ ಹಂಗೆಲ್ಲ ಮಾಡಲ್ಲ" ಎಂದೆ. ಇಂಥ ಒಂದು ನಿಯಮ ಎಲ್ಲೂ ಇಲ್ಲ. ಧೈರ್ಯ ಹೇಳಲು ಹೇಳಿದ್ದು. ಹೇಳಿ ಹೇಳಿ ನಾನೇ ನಂಬಿದ್ದೆ.

ಎಂಟನೆಯ ದಿನ ಪಾರ್ಕಿನ ಗೇಟಿಗೆ ಬೋರ್ಡು ಬಿತ್ತು: ಕಾಲುದಾರಿ ದುರಸ್ತಿ, ಎರಡು ದಿನ ಪ್ರವೇಶವಿಲ್ಲ. ಆ ಬೋರ್ಡು ನಾನೂ ನೋಡಿದೆ. ಗುದ್ದಲಿ ಹಿಡಿದ ಒಬ್ಬ ಕೂಲಿಯೂ ಕಾಣಲಿಲ್ಲ. ಗುರಿಕಾರರು ತಂದದ್ದು ಶಬ್ದ ಬಾರದ ಬಂದೂಕಂತೆ, ಅಕ್ಕಪಕ್ಕದ ಮನೆಯವರಿಗೆ ಏನೂ ಕೇಳಿಸಲಿಲ್ಲ. ಹತ್ತನೆಯ ದಿನ ಮಧ್ಯಾಹ್ನ ಸಿಟಿಯ ವೆಬ್‌ಸೈಟಿನಲ್ಲಿ ಪ್ರಕಟಣೆ ಬಂತು. 'ಸಮತೋಲನದ ಮೊದಲ ಹಂತ' ಯಶಸ್ವಿಯಾಗಿದೆ, ಮಾಂಸವನ್ನು ಬಡವರ ಆಹಾರ ಕೇಂದ್ರಕ್ಕೆ ಕೊಡಲಾಗಿದೆ, ಸಹಕರಿಸಿದ ನಾಗರಿಕರಿಗೆ ವಂದನೆಗಳು. ಜೊತೆಗೆ ಡೇಲ್ ಒಂದು ರಟ್ಟಿನ ಪೆಟ್ಟಿಗೆ ಎತ್ತಿಕೊಡುತ್ತಿರುವ ಫೋಟೋ. ಬದುಕಿನಲ್ಲಿ ಮೊದಲ ಸಲ ಅವನಿಗೆ ಬಡವರ ನೆನಪಾಗಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ, ಪದ್ಧತಿಯ ಪ್ರಕಾರ, ನಾನು ಆರು ಹಾಳೆಗಳನ್ನು ವಸುಧಾಗೆ ಕಳಿಸಿದೆ. ಒಂದು ಅಕ್ಷರವನ್ನೂ ಮುಚ್ಚಲಿಲ್ಲ. ಕಾನೂನಿನ ಲೆಕ್ಕದಲ್ಲಿ ನಾನು ಮಾಡಿದ್ದರಲ್ಲಿ ಒಂದು ಚುಕ್ಕೆ ತಪ್ಪಿಲ್ಲ. ಆಮೇಲೆ ಪರಿಶೀಲಿಸಲು ಬಂದ ಸಿಟಿಯ ವಕೀಲರೂ ಅದನ್ನೇ ಹೇಳಿದರು, ನನ್ನ ಕಡತವನ್ನು ಮಾದರಿ ಎಂದರು.

ಮುಂದೆ ಏನಾಯಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಅದರಲ್ಲಿ ಕುತೂಹಲವೇನಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. ಕೌನ್ಸಿಲ್ ಒಂದು ಪಾರದರ್ಶಕತೆ ಸಮಿತಿ ಮಾಡಿತು, ಎರಡನೆಯ ಹಂತವನ್ನು ಕೈಬಿಟ್ಟಿತು, ಸಲಹಾ ಕಂಪನಿಗೆ ಒಂದು ಖಾರದ ಪತ್ರ ಬರೆಯಿತು. ಡೇಲ್ ಬೇರೊಂದು ರಾಜ್ಯದಲ್ಲಿ ಇನ್ನೂ ದೊಡ್ಡ ಊರಿಗೆ ಮ್ಯಾನೇಜರ್ ಆಗಿ ಹೋದ. ಅಲ್ಲಿ ಏನು ಸಮತೋಲನ ಮಾಡುತ್ತಿದ್ದಾನೋ ಗೊತ್ತಿಲ್ಲ. ಸಾವಿತ್ರಮ್ಮನವರಿಗೆ ಒಂದು ಎಚ್ಚರಿಕೆ ಪತ್ರ ಬಂತು, ಅಷ್ಟೇ. ಗ್ರೀನ್ ಕಾರ್ಡ್ ಗೋಡೆಯ ಮೇಲಿನ ಕ್ಯಾಲೆಂಡರಿನಷ್ಟೇ ಭದ್ರವಾಗಿತ್ತು.

ನಾನು ಹೇಳಬೇಕಾದದ್ದು ಹಾಳೆಗಳನ್ನು ಕೊಟ್ಟ ದಿನದ ಸಂಜೆ ನಡೆದ ಕೌನ್ಸಿಲ್ ಸಭೆಯ ವಿಷಯ. ಅಂಥ ಸಭೆಗಳಲ್ಲಿ ನಡಾವಳಿ ಬರೆಯುವ ಕೆಲಸವೂ ನನ್ನದೇ. ಕೌನ್ಸಿಲ್‌ನ ಪಕ್ಕದಲ್ಲಿ ಒಂದು ಸಣ್ಣ ಮೇಜು. ಹಾಲ್ ಕಿಕ್ಕಿರಿದಿತ್ತು. ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ವಸುಧಾ ಮೈಕಿನ ಮುಂದೆ ಬಂದಳು, ಕೈಯಲ್ಲಿ ಆ ಆರು ಹಾಳೆ. ಕಣ್ಣು ಊದಿಕೊಂಡಿತ್ತು. ಹಾಳೆಗಳನ್ನು ಓದಿದಳು, ನಾಲ್ಕನೆಯದನ್ನೂ ಓದಿದಳು. ಓದಿ ಮುಗಿಸಿ, "ಅವರು ನನ್ನ ಅತ್ತೆ. ಅವರೇ ಮಾತಾಡಬೇಕಂತೆ. ನನ್ನ ಮಾತನ್ನು ನೀವು ನಂಬುವುದಿಲ್ಲ, ಸಿಟಿಯವರೇ ಅನುವಾದಿಸಲಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಪಕ್ಕಕ್ಕೆ ಸರಿದಳು. ಮೇಯರ್ ನನ್ನ ಕಡೆ ನೋಡಿದರು. ಸಿಟಿಯವರಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ.

ಸಾವಿತ್ರಮ್ಮ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಮೈಕು ಎತ್ತರವಾಗಿತ್ತು, ಯಾರೋ ಬಗ್ಗಿಸಿಕೊಟ್ಟರು.

"ಆ ಕಾಗದದಲ್ಲಿರೋ ಮುದುಕಿ ನಾನೇ" ಎಂದರು. "ಜಿಂಕೆಗೆ ಹಾಕ್ಬಾರ್ದು ಅಂತ ನಂಗೆ ಗೊತ್ತಿರ್ಲಿಲ್ಲ. ತಪ್ಪು ನಂದು, ದಂಡ ಹಾಕಿ, ಕಟ್ತೀನಿ."

ನಾನು ಇಂಗ್ಲಿಷಿನಲ್ಲಿ ಹೇಳಿದೆ.

"ಆದ್ರೆ ನೀವು ಎಣಿಸಿದ್ದು ನಮ್ಮನೆ ಹಿತ್ತಲಲ್ಲಿ ತಿನ್ನಕ್ಕೆ ಸೇರಿರೋ ಜಿಂಕೆನ. ಊರಲ್ಲಿ ಬೀದಿ ಬೀದಿಲೂ ಅಷ್ಟಷ್ಟು ಇದಾವೆ ಅಂತ ಹೇಗೆ ಹೇಳಿದ್ರಿ? ಮದುವೆ ಮನೇಲಿ ಊಟದ ಪಂಕ್ತಿ ಎಣಿಸಿ, ಊರಲ್ಲಿ ಮನೆ ಮನೆಗೂ ಇಷ್ಟು ಜನ ಇದಾರೆ ಅಂತಾರಾ ಯಾರಾದ್ರೂ?"

ಅದನ್ನೂ ಹೇಳಿದೆ. ಹಾಲ್‌ನಲ್ಲಿ ಜನ ನಕ್ಕರು, ಕೆಲವರು ಚಪ್ಪಾಳೆ ತಟ್ಟಿದರು. ಗುಲಾಬಿಯ ಸದಸ್ಯರು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು. ನನಗೂ ಒಳಗೊಳಗೆ ಖುಷಿಯಾಯಿತು. ಇಷ್ಟು ವರ್ಷ ಆ ಹಾಲ್‌ನಲ್ಲಿ ಕೂತು ಇಂಥ ನೇರ ಮಾತು ಕೇಳಿರಲಿಲ್ಲ.

ಸಾವಿತ್ರಮ್ಮ ಕೌನ್ಸಿಲ್ ಕಡೆಯಿಂದ ನನ್ನ ಕಡೆ ತಿರುಗಿದರು. ಮೈಕಿನಲ್ಲೇ, ಆದರೆ ಮನೆಯಲ್ಲಿ ಮಾತಾಡಿಸುವ ಹಾಗೆ ಕೇಳಿದರು.

"ರಜಿಯಾ, ನಿಂಗೆ ಮೊದ್ಲೇ ಗೊತ್ತಿತ್ತಂತಲ್ಲಮ್ಮ. ಡ್ರಾಯರಲ್ಲಿದ್ದ ಕಾಗದದ ಕೆಳಗೆ ನಿನ್ನ ಸಹಿ ಇದೆ ಅಂತ ವಸು ತೋರಿಸಿದ್ಳು. ನೀನು ದಿನಾ ಸಾಯಂಕಾಲ ನಮ್ಮನೆ ಮುಂದೆನೇ ವಾಕಿಂಗ್ ಹೋಗ್ತೀಯ. ಒಂದು ಸಲ ಬಾಗಿಲು ತಟ್ಟಿ, ಅಮ್ಮಾ ಹೀಗಾಗಿದೆ ಅಂದಿದ್ರೆ, ಅವತ್ತೇ ಇಲ್ಲಿಗೆ ಬಂದು ಇದನ್ನೇ ಹೇಳ್ತಿದ್ನಲ್ಲ? ಅವು ಬದುಕ್ಕೋತಿದ್ವಲ್ಲ? ನಂಗೆ ಇಂಗ್ಲಿಷ್ ಬರಲ್ಲ ಅಂತ ಗೊತ್ತಿದ್ದೂ ಕಾಗದ ಯಾಕೆ ಕಳಿಸ್ದೆ?"

ಕೋಪವಿರಲಿಲ್ಲ. ನಿಜವಾಗಿಯೂ ಕಾರಣ ತಿಳಿಯಬೇಕಾಗಿತ್ತು ಅವರಿಗೆ. ನನ್ನ ಹತ್ತಿರ ಕಾರಣಗಳಿದ್ದವು. ನಿಯಮ, ಪದ್ಧತಿ, ಗ್ರೀನ್ ಕಾರ್ಡು, ಅವರ ಮರ್ಯಾದೆ. ಗೋಡೆಯ ಮೇಲೆ ಮೂರು ನಿಮಿಷದ ಕೆಂಪು ದೀಪ ಹೊತ್ತಿಕೊಂಡಿತು.

"ಅವರು ಕೊನೆಗೆ ಏನು ಹೇಳಿದರು?" ಎಂದು ಮೇಯರ್ ಕೇಳಿದರು.

"ಮಾತಾಡಲು ಸಮಯ ಕೊಟ್ಟಿದ್ದಕ್ಕೆ ಕೌನ್ಸಿಲ್‌ಗೆ ವಂದನೆ ಹೇಳುತ್ತಿದ್ದಾರೆ" ಎಂದೆ.

ಮೇಯರ್ ಕೈಮುಗಿದರು. ಸಾವಿತ್ರಮ್ಮನೂ ಪಾಪ, ತಿರುಗಿ ಕೈಮುಗಿದರು. ವಸುಧಾ ನನ್ನನ್ನು ಒಂದು ಕ್ಷಣ ನೋಡಿ, ಅತ್ತೆಯ ತೋಳು ಹಿಡಿದು ಕರೆದುಕೊಂಡು ಹೋದಳು. ನಾನು ಆ ವಂದನೆಯನ್ನೇ ನಡಾವಳಿಯಲ್ಲಿ ಬರೆದೆ. ಮುಂದಿನ ಸಭೆಯಲ್ಲಿ ಅದಕ್ಕೆ ಅನುಮೋದನೆ ಸಿಕ್ಕಿತು, ಕೆಳಗೆ ನನ್ನ ಸಹಿ ಇದೆ. ಯಾರು ಬೇಕಾದರೂ ಅರ್ಜಿ ಹಾಕಿ ತೆಗೆದುಕೊಳ್ಳಬಹುದು. ಐದು ಕೆಲಸದ ದಿನಗಳೊಳಗೆ ಉತ್ತರ ಬರುತ್ತದೆ.